ಸರ್ವೆ ನಂಬರಿನ ಬೆನ್ನು ಹತ್ತಿ ಮುತ್ತಾತನ ಮನೆಗೆ

ಅಮೆರಿಕದ 1850ರ ಜನಗಣತಿ ವಂಶ ಹುಡುಕುವವರ ಪಾಲಿಗೆ ನಿಧಿ ಇದ್ದ ಹಾಗೆ. ಅದಕ್ಕೆ ಮುಂಚಿನ ಗಣತಿಗಳು ಮನೆಯ ಯಜಮಾನನ ಹೆಸರನ್ನಷ್ಟೇ ಬರೆದುಕೊಂಡು, ಉಳಿದವರನ್ನು ತಲೆ ಎಣಿಸಿ ಮುಗಿಸುತ್ತಿದ್ದವು. 1850ರಲ್ಲಿ ಮೊದಲ ಬಾರಿಗೆ ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಕಸುಬು, ಹುಟ್ಟಿದ ಜಾಗ ಪಟ್ಟಿಗೆ ಸೇರಿದವು. ಆ ಹಾಳೆಗಳು ಉಳಿದುಕೊಂಡಿವೆ, 72 ವರ್ಷ ಕಳೆದವನ್ನು ಯಾರು ಬೇಕಾದರೂ ನೋಡಬಹುದು. 1950ರ ಗಣತಿ ಹಾಳೆಗಳು 2022ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಕೈಗೆ ಬಂದವು. ಹಾಗಾಗಿ ಅಲ್ಲಿ ಒಬ್ಬರು ತಮ್ಮ ಮುತ್ತಾತನ ಅಪ್ಪ ಯಾವ ಊರಿನಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಎಂಬುದನ್ನು ಒಂದು ಮಧ್ಯಾಹ್ನದಲ್ಲೇ ಹುಡುಕಿ ತೆಗೆದರೆ ಅಚ್ಚರಿಯಿಲ್ಲ.

ಅಲ್ಲಿಯೂ ಎಲ್ಲರಿಗೂ ಈ ಭಾಗ್ಯವಿಲ್ಲ. ಗುಲಾಮರನ್ನು ಅದೇ 1850ರಲ್ಲಿ ಬೇರೆ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಎಂದಷ್ಟೇ ಬರೆದರು. ಅವರ ಮಕ್ಕಳು ಮೊಮ್ಮಕ್ಕಳು ಹಿಂದಕ್ಕೆ ಹುಡುಕುತ್ತ ಹೋದರೆ 1870ರ ಗಣತಿಗೆ ಬಂದು ಗೋಡೆಗೆ ಹಣೆ ತಾಗಿಸಿಕೊಳ್ಳುತ್ತಾರೆ. 1890ರ ಗಣತಿಯಂತೂ 1921ರಲ್ಲಿ ವಾಷಿಂಗ್ಟನ್‌ನಲ್ಲಿ ಹೊತ್ತಿದ ಬೆಂಕಿಗೆ ಸಿಕ್ಕಿ ಬಹುಪಾಲು ನಾಶವಾಯಿತು.

ಈಗ ತರೀಕೆರೆಯಿಂದ ಹೊರಟು ಬೆಂಗಳೂರಿಗೋ ನ್ಯೂಜೆರ್ಸಿಗೋ ಸೇರಿದ ಮನೆತನವೊಂದು ಇದೇ ಕೆಲಸಕ್ಕೆ ಕೈ ಹಾಕಿತು ಎನ್ನೋಣ. ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಜನಗಣತಿ ನಡೆದದ್ದು 1871ರಲ್ಲಿ. ಆಗ ಸಂಸ್ಥಾನದ ಜನಸಂಖ್ಯೆ 50,55,412. 1876ರಲ್ಲಿ ಶುರುವಾದ ಮಹಾಬರ ಮುಗಿದ ಮೇಲೆ, 1881ರಲ್ಲಿ ಎಣಿಸಿದಾಗ ಅದು 41,86,188ಕ್ಕೆ ಇಳಿದಿತ್ತು. ಅಚ್ಚಾದ ವರದಿಗಳಲ್ಲಿ ಈ ಮೊತ್ತಗಳಿವೆ, ಜಾತಿವಾರು ಕಸುಬುವಾರು ಕೋಷ್ಟಕಗಳಿವೆ. ಆದರೆ ಮನೆಮನೆಯ ಹೆಸರು ಹೊತ್ತ ಪಟ್ಟಿಗಳನ್ನು ಲೆಕ್ಕ ಕೂಡಿಸಿದ ಮೇಲೆ ಇಟ್ಟುಕೊಳ್ಳಲಿಲ್ಲ. ಇಂದಿನ ಗಣತಿ ದಾಖಲೆಗಳನ್ನೂ 1948ರ ಜನಗಣತಿ ಕಾಯ್ದೆ ಸಾರ್ವಜನಿಕರಿಗೆ ತೋರಿಸುವುದಿಲ್ಲ. ಅಮೆರಿಕದ ದಾರಿ ಇಲ್ಲಿ ಮೊದಲ ಮೈಲಿಗಲ್ಲಿನಲ್ಲೇ ಮುಚ್ಚಿದೆ.

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಇಲ್ಲಿನ ಸರ್ಕಾರಗಳಿಗೆ ಮನುಷ್ಯರಿಗಿಂತ ಅವರು ಉತ್ತ ಹೊಲದ ಮೇಲೆ ಕಣ್ಣು ಜಾಸ್ತಿ. ಕಂದಾಯ ಬರುತ್ತಿದ್ದುದು ಅಲ್ಲಿಂದ ತಾನೇ? ಆದ್ದರಿಂದ ಕಡೂರು ಸೀಮೆಯಲ್ಲಿ ಹತ್ತೊಂಬತ್ತನೇ ಶತಮಾನದ ಹಿರಿಯರನ್ನು ಹುಡುಕುವವರು ಹೆಸರಿನ ಬೆನ್ನು ಹತ್ತುವ ಬದಲು ಜಮೀನಿನ ಬೆನ್ನು ಹತ್ತುವುದು ಜಾಣತನ. ಹೆಸರುಗಳು ಇಲ್ಲಿ ದಾರಿ ತಪ್ಪಿಸುತ್ತವೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಮನೆಯಲ್ಲಿ ರಂಗಪ್ಪ ಬಿನ್ ತಿಮ್ಮಪ್ಪ, ಅವನ ಮಗ ತಿಮ್ಮಪ್ಪ ಬಿನ್ ರಂಗಪ್ಪ, ಮತ್ತೆ ರಂಗಪ್ಪ ಬಿನ್ ತಿಮ್ಮಪ್ಪ ಎಂದು ನೂರು ವರ್ಷ ಗಿರಕಿ ಹೊಡೆಯುತ್ತದೆ. ಯಾವ ರಂಗಪ್ಪ ತಾತ, ಯಾವ ರಂಗಪ್ಪ ಮೊಮ್ಮಗ ಎಂದು ಹೇಳುವುದಕ್ಕೆ ಹೊಲದ ನಂಬರೊಂದೇ ಆಧಾರ.

ಮೊದಲು ಆಡಳಿತದ ಗಡಿಗಳನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತು. ಅಲ್ಲಿಂದ 1881ರವರೆಗೆ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ, ಈ ಪ್ರದೇಶ ‘ನಗರ’ ಎಂಬ ವಿಭಾಗದಲ್ಲಿತ್ತು. 1863ರಲ್ಲಿ ಕಡೂರು ಜಿಲ್ಲೆ ಹುಟ್ಟಿತು. ಎರಡು ವರ್ಷಕ್ಕೇ ಅದರ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು, ಹೆಸರು ಮಾತ್ರ ಕಡೂರಿನದೇ ಉಳಿಯಿತು. ಅಜ್ಜಂಪುರ ತಾಲೂಕಾದದ್ದು ತೀರ ಇತ್ತೀಚೆಗೆ. ಅದಕ್ಕೆ ಮುಂಚೆ ತರೀಕೆರೆ ತಾಲೂಕಿನ ಹೋಬಳಿ. ಹಾಗಾಗಿ ಅಜ್ಜಂಪುರದ ಮನೆತನದ ಹಳೆಯ ಕಾಗದ ಕೇಳುವಾಗ ತರೀಕೆರೆಯ ಹೆಸರು ಹಿಡಿಯಬೇಕು, 1863ಕ್ಕೆ ಹಿಂದಿನ ಕಡತ ಕೇಳುವಾಗ ‘ನಗರ’ ವಿಭಾಗದ ಹೆಸರು ಹಿಡಿಯಬೇಕು. ಇದು ಗೊತ್ತಿಲ್ಲದೆ ‘ಚಿಕ್ಕಮಗಳೂರು ಜಿಲ್ಲೆಯ ದಾಖಲೆ ಕೊಡಿ’ ಎಂದು ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕೇಳಿದವರು ಬರಿಗೈಲಿ ಹಿಂದಿರುಗಿದರೆ ತಪ್ಪು ಪತ್ರಾಗಾರದ್ದಲ್ಲ.

ಇನ್ನು ಹೊಲಕ್ಕೆ ಬರೋಣ. 1863ರಲ್ಲಿ ಮೈಸೂರಿನಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾಯಿತು. 33 ಅಡಿಯ ಸರಪಳಿ ಹಿಡಿದು ಅಳೆದರು. ಆ ಸರಪಳಿಯ ಚದರಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಖುಷ್ಕಿ, ತರಿ, ಬಾಗಾಯ್ತು ಎಂದು ಬೇರ್ಪಡಿಸಿ, ಒಂದೊಂದು ಹೊಲಕ್ಕೆ ಒಂದೊಂದು ಸರ್ವೆ ನಂಬರು ಕೊಟ್ಟು, ಟಿಪ್ಪಣಿ ಪುಸ್ತಕದಲ್ಲಿ ಅದರ ಆಕಾರ ಬರೆದು, ಆಕಾರಬಂದಿಯಲ್ಲಿ ವಿಸ್ತೀರ್ಣ ಮತ್ತು ಕಂದಾಯ ನಮೂದಿಸಿದರು. ಈ ನಂಬರುಗಳು ಬಹುಮಟ್ಟಿಗೆ ಇಂದಿಗೂ ಬದಲಾಗಿಲ್ಲ. ಇಂದು ಮೊಬೈಲಿನಲ್ಲಿ ತೆಗೆಯುವ ಪಹಣಿಯ ನಂಬರಿನ ಬೇರು ಆ ಕಾಲದ ಸರಪಳಿಯಲ್ಲಿದೆ.

ಹುಡುಕುವ ಕ್ರಮ ಹಿಂದುಮುಂದಾಗಿ ಸಾಗುತ್ತದೆ. ‘ಭೂಮಿ’ಯ ಗಣಕೀಕೃತ ಪಹಣಿ ಸುಮಾರು 2000ದವರೆಗೆ ಮುಟ್ಟಿಸುತ್ತದೆ. ಅದರಾಚೆಗೆ ಕೈಬರಹದ ಪಹಣಿ. ಅದರ ಜೊತೆಗೆ ಮ್ಯುಟೇಶನ್ ರಿಜಿಸ್ಟರ್. ಯಾರು ಸತ್ತರು, ಖಾತೆ ಯಾರ ಹೆಸರಿಗೆ ಹೋಯಿತು, ಕ್ರಯವೋ ಪೌತಿಯೋ ವಿಭಾಗವೋ ಎಂಬುದು ಅದರಲ್ಲಿರುತ್ತದೆ. ಇನ್ನೂ ಹಿಂದೆ ಹೋದರೆ ಹಳೆ ಮೈಸೂರಿನವರು ಆರ್‌ಆರ್, ಐಎಲ್ ಎಂದು ಕರೆಯುವ ಹಕ್ಕುದಾಖಲೆ ಮತ್ತು ಜಮೀನುಗಳ ಸೂಚಿ. ಕೊನೆಗೆ ಭೂದಾಖಲೆ ಇಲಾಖೆಯ ಮೂಲ ಟಿಪ್ಪಣಿ. ಇದಕ್ಕೆ ಸಮಾನಾಂತರವಾಗಿ ಉಪನೋಂದಣಿ ಕಚೇರಿಯ ಪುಸ್ತಕಗಳಲ್ಲಿ ಕ್ರಯ, ಭೋಗ್ಯ, ದಾನಪತ್ರಗಳ ನಕಲು ಇರುತ್ತವೆ.

ಈ ಕಾಗದಗಳನ್ನು ಓದುವಾಗ ಹಿಸ್ಸೆಯ ಮೇಲೆ ಕಣ್ಣಿಡಬೇಕು. ಸರ್ವೆ ನಂಬರು 45 ಎಂಬ ಹೊಲವೊಂದು ಇದೆಯೆನ್ನಿ. ಮೂಲದಲ್ಲಿ ಒಬ್ಬನೇ ಖಾತೆದಾರ. ಮುಂದಿನ ತಲೆಮಾರಿಗೆ ಅದು 45/1, 45/2 ಆಗುತ್ತದೆ: ಅಣ್ಣ ತಮ್ಮ ಬೇರೆಯಾದರು. ಇನ್ನೊಂದು ಇಪ್ಪತ್ತು ವರ್ಷಕ್ಕೆ 45/2 ಒಡೆದು 45/2ಎ, 45/2ಬಿ: ತಮ್ಮನ ಮಕ್ಕಳು ಪಾಲು ಮಾಡಿಕೊಂಡರು. 45/1 ಹಾಗೇ ಉಳಿದಿದ್ದರೆ ಅಣ್ಣನಿಗೆ ಒಬ್ಬನೇ ಮಗ, ಇಲ್ಲವೇ ಜಮೀನು ಸಾಲಕ್ಕೆ ಹೋಗಿದೆ. ಎರಡರಲ್ಲಿ ಯಾವುದು ಎಂಬುದನ್ನು ಮ್ಯುಟೇಶನ್ ಹೇಳುತ್ತದೆ. ‘ಪೈಕಿ’ ಎಂದು ಬರೆದು, ಅಳೆದು ಬೇರ್ಪಡಿಸದೆ, ಅಂದರೆ ಪೋಡಿಯಾಗದೆ ಬಿಟ್ಟ ನಂಬರಿದ್ದರೆ ಆ ಮನೆಯಲ್ಲಿ ಜಗಳ ಇನ್ನೂ ಹರಿದಿಲ್ಲ ಎಂದು ಧೈರ್ಯವಾಗಿ ಊಹಿಸಬಹುದು. ಪೋಡಿಗೆ ಅಲೆದು ಸುಸ್ತಾದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ವೆಗೂ ಹಿಂದೆ ಹೋಗಬೇಕೆಂದರೆ ಶಾನುಭೋಗರ ಮನೆಯ ಅಟ್ಟವೇ ಗತಿ. ಬಟ್ಟೆಗೆ ಹುಣಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಕಡತಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ತಪ್ಪಾದರೆ ಒರೆಸಬಹುದು. ಅದೇ ಗುಣ ಅದಕ್ಕೆ ಶತ್ರುವೂ ಹೌದು: ಕೈ ತಾಗಿ, ಮಳೆ ತಾಗಿ ಎಷ್ಟೋ ಅಕ್ಷರ ಅಳಿಸಿವೆ. ಲೆಕ್ಕವೆಲ್ಲ ವರಹ, ಹಣ, ಅಡ್ಡಗಳಲ್ಲಿ. ಶಾನುಭೋಗಿಕೆ ವಂಶಪಾರಂಪರ್ಯ ಹುದ್ದೆಯಾದ್ದರಿಂದ ಊರಿನ ಕಾಗದಕ್ಕೂ ಅವರ ಮನೆಯ ಕಾಗದಕ್ಕೂ ಗೆರೆ ಎಳೆದಂತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಸರ್ಕಾರಕ್ಕೆ ಒಪ್ಪಿಸಿದ ಕಾಗದ ಎಷ್ಟೋ, ಅಟ್ಟದಲ್ಲೇ ಉಳಿದು ಗೆದ್ದಲಿಗೆ ಹೋದದ್ದು ಎಷ್ಟೋ.

ಆ ಕಾಯ್ದೆಯಿಂದ ಇನ್ನೊಂದು ಲಾಭವಾಯಿತು, ಅದನ್ನು ಹುಡುಕುವವರು ಕಡಿಮೆ. ಪಟೇಲ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರುಗಂಟಿ ಹುದ್ದೆಗಳೂ ರದ್ದಾದವು. ಆ ಹುದ್ದೆಗಳಿಗೆ ಬಿಟ್ಟಿದ್ದ ಇನಾಂ ಜಮೀನನ್ನು ಹುದ್ದೆದಾರರ ಕುಟುಂಬಕ್ಕೇ ಮರುಮಂಜೂರು ಮಾಡಲು ಅವಕಾಶ ಕೊಟ್ಟರು. ಮಂಜೂರಾತಿ ಬೇಕೆಂದರೆ ತಾನು ಹುದ್ದೆದಾರನ ವಂಶದವನೇ ಎಂದು ತೋರಿಸಬೇಕು. ಹೀಗಾಗಿ ಅರ್ಜಿಯ ಜೊತೆ ವಂಶಾವಳಿ ಬಂತು. ಸ್ವಂತ ಜಮೀನಿಲ್ಲದೆ ಊರ ಕೆಲಸಕ್ಕೆ ಸಿಕ್ಕ ತುಂಡು ನೆಲವನ್ನೇ ನಂಬಿದ್ದ ದಲಿತ ಮತ್ತು ಬೇಡ ಕುಟುಂಬಗಳ ಹಿರಿಯರು ಸರ್ಕಾರಿ ಕಾಗದದಲ್ಲಿ ಹೆಸರಿನೊಡನೆ ಕಾಣುವ ಕೆಲವೇ ಜಾಗಗಳಲ್ಲಿ ಇದೊಂದು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಸಲ್ಲಿಸಿದ ಫಾರಂ 7ರ ಕಡತಗಳೂ ಹೀಗೆಯೇ: ಅಪ್ಪನ ಕಾಲದಿಂದ, ತಾತನ ಕಾಲದಿಂದ ಉಳುತ್ತಿದ್ದೇವೆ ಎಂಬ ಹೇಳಿಕೆಗಳು ಭೂನ್ಯಾಯಮಂಡಳಿಗಳ ಮುಂದೆ ದಾಖಲಾಗಿವೆ.

ಇನಾಂ ಪಡೆದವರ ದಾರಿ ಇನ್ನೂ ಸಲೀಸು. 1860ರ ದಶಕದಲ್ಲಿ ಶುರುವಾದ ಇನಾಂ ಕಮಿಷನ್ ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು, ಈಗ ಅನುಭವಿಸುತ್ತಿರುವವನು ಅವನಿಗೆ ಏನಾಗಬೇಕು ಎಂದು ಕೇಳದೆ ಹಕ್ಕು ಖಾಯಂ ಮಾಡುತ್ತಿರಲಿಲ್ಲ. ದೇವಾದಾಯವಿರಲಿ, ಕೆರೆ ಕಟ್ಟಿದ್ದಕ್ಕೆ ಸಿಕ್ಕ ಕೊಡಗಿ ಇರಲಿ, ವಿಚಾರಣೆ ತಪ್ಪಿದ್ದಲ್ಲ.

ಕಾಗದಕ್ಕೆ ಹೊರಗಿನ ಆಧಾರ ಹೆಳವರದ್ದು. ಸುಗ್ಗಿ ಮುಗಿಯುವ ಹೊತ್ತಿಗೆ ಸಿಂಗರಿಸಿದ ಎತ್ತಿನೊಂದಿಗೆ ಊರಿಗೆ ಬಂದು, ಲಿಂಗಾಯತ, ಕುರುಬ ಮೊದಲಾದ ಒಕ್ಕಲುಗಳ ಮನೆಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ, ದವಸ ಧಾನ್ಯ, ಬಟ್ಟೆ, ಕಾಸು ಪಡೆದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುವ ಸಮುದಾಯ ಇದು. ಯಾವ ಊರು, ಯಾವ ಮನೆತನ ಯಾವ ಹೆಳವನದು ಎಂಬ ಹಕ್ಕು ಅವರೊಳಗೆ ಹಂಚಿಕೆಯಾಗಿರುತ್ತದೆ. ಒಬ್ಬನ ಒಕ್ಕಲಿಗೆ ಇನ್ನೊಬ್ಬ ಕೈಯಿಕ್ಕುವುದಿಲ್ಲ. ಅವರು ಹೇಳುವ ವಂಶಾವಳಿಯ ಆರಂಭದಲ್ಲಿ ಪುರಾಣವೇ ಹೆಚ್ಚು. ಯಾವುದೋ ಬರಕ್ಕೆ, ಯಾವುದೋ ದಂಗೆಗೆ ಊರು ಬಿಟ್ಟು ಬಂದ ಕಥೆಯಲ್ಲಿ ಬೇಳೆಯೂ ಇದೆ, ಹೊಟ್ಟೂ ಇದೆ. ಆದರೆ ಈಚಿನ ನಾಲ್ಕೈದು ತಲೆಮಾರುಗಳ ಮಟ್ಟಿಗೆ ಅವರ ಮಾತನ್ನು ತಳ್ಳಿಹಾಕುವುದು ದಡ್ಡತನ. ಯಾರಿಗೆ ಎಷ್ಟು ಗಂಡುಮಕ್ಕಳು, ಯಾರು ಮಾವನ ಮನೆಗೆ ಅಳಿಯನಾಗಿ ಹೋಗಿ ಅಲ್ಲೇ ನಿಂತ, ಯಾವ ಕವಲು ಹೊಸದುರ್ಗದ ಕಡೆ ಹೋಯಿತು, ಯಾವುದು ಚನ್ನಗಿರಿಗೆ ಸೇರಿತು ಎಂಬ ಇಂಥ ವಿವರ ಪಹಣಿಯಲ್ಲಿ ಸಿಗುವುದಿಲ್ಲ. ಹೆಳವನ ಪಟ್ಟಿಯನ್ನೂ ಹಿಸ್ಸೆಯ ಸರಣಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎರಡೂ ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದು.

ಕಾಶಿ, ಗಯಾ, ಹರಿದ್ವಾರಗಳಿಗೆ ಹಿರಿಯರು ಹೋಗಿಬಂದ ಮನೆಗಳಿಗೆ ಅಲ್ಲಿನ ಪಂಡಾಗಳ ವಹಿಗಳಿವೆ. ಹರಿದ್ವಾರದ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘ ಮೈಕ್ರೋಫಿಲ್ಮ್ ಮಾಡಿಸಿದೆ. ಮಾರ್ಮನ್ ಪಂಥದವರು 1894ರಲ್ಲಿ ಕಟ್ಟಿದ ಸಂಘ ಅದು. ಸತ್ತ ಹಿರಿಯರ ಸದ್ಗತಿಗೆ ಅವರ ಹೆಸರು ಬೇಕೆಂಬ ನಂಬಿಕೆಯಿಂದ ಹುಟ್ಟಿದ ಅಮೆರಿಕದ ಸಂಸ್ಥೆಯೊಂದು ಅದೇ ನಂಬಿಕೆಯಿಂದ ಪಿಂಡ ಇಡಿಸುವ ಪಂಡಾನ ಬಳಿ ಬಂದು ಕೂತದ್ದು ಚೆಂದದ ಸಂಗತಿ.

ಮನೆದೇವರನ್ನೂ ಮರೆಯುವಂತಿಲ್ಲ. ಊರು ಬಿಟ್ಟವರು ಹೊಲ ಬಿಡುತ್ತಾರೆ, ಮಾತಿನ ಧಾಟಿ ಬಿಡುತ್ತಾರೆ, ಮನೆದೇವರನ್ನು ಬಿಡುವುದಿಲ್ಲ. ಕಡೂರಿನ ಮನೆತನವೊಂದು ಬೀರೂರಿನ ಮೈಲಾರಲಿಂಗನಿಗೆ ನಡೆದುಕೊಳ್ಳದೆ ಹಡಗಲಿಯ ಮೈಲಾರಕ್ಕೋ ರಾಣೆಬೆನ್ನೂರಿನ ದೇವರಗುಡ್ಡಕ್ಕೋ ಹೋಗುತ್ತಿದ್ದರೆ ಅವರ ಹಿಂದಿನ ಊರನ್ನು ಆ ದಿಕ್ಕಿನಲ್ಲಿ ಹುಡುಕಬೇಕು. ಎಲ್ಲೋ ದೂರದಲ್ಲಿದ್ದು ವರ್ಷಕ್ಕೊಮ್ಮೆ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ತಪ್ಪದೆ ಬರುವವರ ಬೇರು ಅಜ್ಜಂಪುರದ ಆಸುಪಾಸಿನಲ್ಲಿರುವ ಸಂಭವ ಹೆಚ್ಚು.

ತಾರೀಖಿನ ಗೊಂದಲ ಬೇರೆ. ಹಳೆಯ ಜಾತಕ, ಕ್ರಯಪತ್ರ, ಕಡತಗಳಲ್ಲಿ ಹೆಚ್ಚಾಗಿ ಇಸವಿ ಇರುವುದಿಲ್ಲ. ಸಂವತ್ಸರ, ಮಾಸ, ತಿಥಿ ಇರುತ್ತವೆ. ಅದೃಷ್ಟವಿದ್ದರೆ ಶಾಲಿವಾಹನ ಶಕವೂ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ಇಸವಿ ಸಿಕ್ಕಿತು. ಶಕ 1798 ಎಂದರೆ 1876, ಧಾತು ಸಂವತ್ಸರ. ಬರೀ ‘ಧಾತು’ ಎಂದಷ್ಟೇ ಇದ್ದರೆ ಅದು 1816 ಆಗಬಹುದು, 1876 ಆಗಬಹುದು, 1936 ಕೂಡ ಆಗಬಹುದು. ಅರವತ್ತು ವರ್ಷದ ಈ ಚಕ್ರದಲ್ಲಿ ತಾತನೂ ಮೊಮ್ಮಗನೂ ಒಂದೇ ಸಂವತ್ಸರದಲ್ಲಿ ಹುಟ್ಟಿ, ಒಂದೇ ಹೆಸರು ಹೊತ್ತಿರುವುದು ಅಪರೂಪವಲ್ಲ.

1876ರ ಆ ಧಾತು, ಮರುವರ್ಷದ ಈಶ್ವರ ಸಂವತ್ಸರಗಳೇ ಮಹಾಬರದ ಕಾಲ. ಹತ್ತು ವರ್ಷಗಳ ಅಂತರದ ಎರಡು ಗಣತಿಗಳ ನಡುವೆ ಸಂಸ್ಥಾನದಲ್ಲಿ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಕಡಿಮೆಯಾದದ್ದರ ಹಿಂದೆ ಇದೇ ಬರವಿದೆ. ಮಲೆನಾಡಿನ ಸೆರಗಿನಲ್ಲಿರುವ ಲಕ್ಕವಳ್ಳಿ ಕಡೆಗೂ ಮಳೆ ಕಾದು ಕೂರುವ ಕಡೂರಿನ ಬಯಲಿಗೂ ಅದರ ಪೆಟ್ಟು ಒಂದೇ ಸಮ ಬಿದ್ದಿರಲಾರದು. ವಂಶ ಹುಡುಕುವವರಿಗೆ ಈ ಬರ ಒಂದು ಕಂದಕ. ಅದರ ಆಚೆಗಿದ್ದ ಖಾತೆದಾರನ ಹೆಸರು ಈಚೆಗೆ ಕಾಣದಿದ್ದರೆ ಆತ ಸತ್ತಿರಬಹುದು, ಗುಳೆ ಹೋಗಿರಬಹುದು, ಕಂದಾಯ ಕಟ್ಟಲಾಗದೆ ಜಮೀನು ಬಿಟ್ಟಿರಬಹುದು. ಬಾಬಾಬುಡನ್‌ಗಿರಿಯ ಕಾಫಿ ತೋಟಗಳು ಹತ್ತಿರವಿದ್ದವು. ಅಲ್ಲಿ ಕೂಲಿಗೆ ಹೋದವನ ಹೆಸರು ಮೇಸ್ತ್ರಿಯ ಬಾಯಲ್ಲಿತ್ತೇ ಹೊರತು ಸರ್ಕಾರದ ಪುಸ್ತಕದಲ್ಲಿರಲಿಲ್ಲ. ಅದೇ ತೋಟದ ಇಂಗ್ಲಿಷ್ ದೊರೆಯ ಮದುವೆ, ಮಕ್ಕಳ ದೀಕ್ಷಾಸ್ನಾನ, ಸಾವು ಎಲ್ಲವೂ ಮದರಾಸು ಪ್ರಾಂತದ ಚರ್ಚ್ ದಾಖಲೆಗಳಲ್ಲಿ ನಮೂದಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ.

ದೊಡ್ಡವರ ಎದುರು ನಿಂತವರ ಹೆಸರು ಮಾತ್ರ ಉಳಿದಿದೆ. ಬಸವಾಪಟ್ಟಣ, ಸಂತೆಬೆನ್ನೂರುಗಳಿಂದ ಸರಿದು ತರೀಕೆರೆಯಲ್ಲಿ ನೆಲೆನಿಂತ ಪಾಳೆಯಗಾರರು 1830–31ರ ನಗರದ ದಂಗೆಯಲ್ಲಿ ರೈತರ ಜೊತೆ ಸೇರಿದರು. ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಗಲ್ಲಿಗೇರಿಸಿದರು. ದಂಗೆಯ ಕಾರಣ ಹುಡುಕಲು ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಅದರಲ್ಲಿದ್ದ ಮಾರ್ಕ್ ಕಬ್ಬನ್ ಮರುವರ್ಷವೇ ಮೈಸೂರಿನ ಕಮಿಷನರ್ ಆದ. 1881ರ ನಂತರದ ಕಾಲಕ್ಕೆ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳಿವೆ. ದಿವಾನ್ ರಂಗಾಚಾರ್ಲು ಆ ವರ್ಷದ ದಸರೆಯಲ್ಲಿ 144 ಮಂದಿಯನ್ನು ಕರೆದು ಶುರು ಮಾಡಿದ ಸಭೆ ಅದು. ಬಂದವರು ಜಮೀನುದಾರರು ಮತ್ತು ವರ್ತಕರು. ಮುತ್ತಾತ ಪಟೇಲರೋ ಸಾಹುಕಾರರೋ ಆಗಿದ್ದರೆ ಆ ಪುಟಗಳನ್ನು ತಿರುವಿಹಾಕುವುದು ಒಳ್ಳೆಯದು.

ಅಜ್ಜಂಪುರ, ಬೀರೂರು, ಎಮ್ಮೆದೊಡ್ಡಿ, ಬಾಸೂರಿನ ಕಡೆಯ ಕೆಲವು ಮನೆತನಗಳಿಗೆ ಅಮೃತ ಮಹಲಿನ ದಾರಿಯೂ ಇದೆ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಫಿರಂಗಿ ಎಳೆಯಲು ಅದಕ್ಕಿಂತ ಒಳ್ಳೆಯ ಎತ್ತಿಲ್ಲ ಎಂದು 1813ರಲ್ಲಿ ಕಂಪನಿಯ ಸೇನೆಯೇ ಇಲಾಖೆಯನ್ನು ವಹಿಸಿಕೊಂಡಿತು. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡುಗಳನ್ನು ಮಾರಿದರು, ಆರೇ ವರ್ಷಕ್ಕೆ ತಪ್ಪು ಅರಿವಾಗಿ ಮತ್ತೆ ಕಟ್ಟಿದರು. ಕಾವಲುಗಳಲ್ಲಿ ಹಿಂಡು ಕಾಯುತ್ತಿದ್ದವರು ಸರ್ಕಾರದ ಸಂಬಳದವರು. ಅವರ ಮುತ್ತಜ್ಜನನ್ನು ಕಂದಾಯದ ಪುಸ್ತಕಕ್ಕಿಂತ ಇಲಾಖೆಯ ಕಡತದಲ್ಲಿ ಹುಡುಕುವುದು ವಾಸಿ.

ತರೀಕೆರೆ ತಾಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿಯಿದೆ. ಅಲ್ಲಿನ ಶಾಸನವನ್ನು ಬರೆದವನು ಕವಿ ಜನ್ನ. 1901ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟ ಪೂರ್ತಿ ಕಡೂರು ಜಿಲ್ಲೆಗೇ ಮೀಸಲು. ಎಂಟುನೂರು ವರ್ಷದ ಹಿಂದಿನ ದಂಡನಾಯಕನನ್ನು ಲೈಬ್ರರಿಯ ಒಂದು ಪುಸ್ತಕದಲ್ಲಿ ಕಾಣಬಹುದು. ನೂರೈವತ್ತು ವರ್ಷದ ಹಿಂದೆ ಅದೇ ಊರಿನ ಹೊಲ ಉತ್ತವನಿಗಾಗಿ ಮೂರು ಕಚೇರಿ ತಿರುಗಬೇಕು.

ತಿರುಗಾಟ ಮುಂದೆ ಕೊಂಚ ಕಡಿಮೆಯಾಗಬಹುದು. ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಮುಟ್ಟಿದರೆ ಮುರಿಯುವ ಹಾಳೆಗಳಿಗೆ ಇದು ಕೊನೆಯ ಅವಕಾಶ. ಮನೆಯಲ್ಲಿರುವ ಕಾಗದಗಳಿಗೂ ಬೆಲೆಯುಂಟು. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮು ಮನೆತನದ ವಂಶಾವಳಿಯಲ್ಲಿ, ಸಮಾಧಿಯ ಕಲ್ಲಿನ ಮೇಲೆ, ಕುಟುಂಬದ ಪತ್ರಗಳಲ್ಲಿ ತೀರಿಹೋದವರು ಬರೆದಿಟ್ಟ ಸಂಬಂಧಗಳನ್ನು ಕೋರ್ಟು ಗಣನೆಗೆ ತೆಗೆದುಕೊಳ್ಳಬಹುದೆಂದು ಹೇಳಿತ್ತು.

ಇಷ್ಟೆಲ್ಲ ಹುಡುಕಿದ ಮೇಲೂ ಮರದ ಅರ್ಧ ಭಾಗ ಖಾಲಿ ಉಳಿಯುತ್ತದೆ. ಹೆಣ್ಣುಮಕ್ಕಳು ಈ ಪುಸ್ತಕಗಳಲ್ಲಿ ಕಾಣುವುದು ‘ಇಂಥವರ ಹೆಂಡತಿ’ ಎಂಬ ಅರ್ಥದ ‘ಕೋಂ’ ಅಕ್ಷರದ ಹಿಂದೆ, ಅದೂ ಹೆಚ್ಚಾಗಿ ಗಂಡ ಸತ್ತ ಮೇಲೆ. ಹೆಳವರ ಪಟ್ಟಿಯಲ್ಲೂ ಅವರದ್ದು ಅದೇ ಪಾಡು. ಅವರ ಸ್ವಂತ ಹೆಸರು ಸಿಗುವುದು ತವರಿನಿಂದ ಬಂದ ಹಿತ್ತಾಳೆ ಕೊಳಗದ ಕಂಠದ ಮೇಲೆ, ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಲ್ಲಿ. ಕೆಲವೊಮ್ಮೆ ಜೊತೆಗೆ ತವರೂರಿನ ಹೆಸರೂ ಇರುತ್ತದೆ. ಆ ಪಾತ್ರೆಗಳನ್ನು ಹಳೇ ಸಾಮಾನಿನವರಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದಿತು. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಪಾಲು ಕೊಟ್ಟಿತು. ಅಲ್ಲಿಂದೀಚೆಗೆ ನಾಡಕಚೇರಿಗೆ ಹೋಗುವ ವಂಶವೃಕ್ಷಗಳಿಂದ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಪೌತಿ ಖಾತೆಗೆ ತಕರಾರು ಬರುತ್ತದೆ, ವ್ಯಾಜ್ಯ ಕೋರ್ಟು ಹತ್ತುತ್ತದೆ. ಹಾಗಾಗಿ ಕಡೂರಿನಲ್ಲೋ ತರೀಕೆರೆಯಲ್ಲೋ ಒಂದೇ ಮನೆಯ ಎರಡು ಕಾಲದ ವಂಶಾವಳಿ ತೆಗೆದರೆ, 1960ರ ದಶಕದ ಮರುಮಂಜೂರಾತಿ ಅರ್ಜಿಯಲ್ಲಿ ಮೂವರು ಗಂಡುಮಕ್ಕಳಿದ್ದ ಯಜಮಾನನಿಗೆ ಈಚಿನ ಪ್ರತಿಯಲ್ಲಿ ನಾಲ್ವರು ಹೆಣ್ಣುಮಕ್ಕಳೂ ಸೇರಿ ಏಳು ಮಕ್ಕಳಿರುವುದು ಕಂಡರೆ ಗಾಬರಿಯಾಗಬೇಕಿಲ್ಲ.